ಹಿಮದೂರಿನ ಸಂಜೆ: ಜಪಾನಿನ ಒಂದು ಸ್ಕೀ ಗ್ರಾಮದ ಊಟ, ಸ್ನಾನ, ಬೀದಿ



ಎರಡು ಉದ್ದನೆಯ ಪಟ್ಟಿಗಳನ್ನು ಕಾಲಿಗೆ ಬಿಗಿದುಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ಹಿಮದ ಇಳಿಜಾರಿನಲ್ಲಿ ಸರ್ರನೆ ಜಾರಿ ಬರುವವರನ್ನು ನೀವು ದೂರದರ್ಶನದ ಪರದೆಯ ಮೇಲೆ ನೋಡಿರುತ್ತೀರಿ. ಅದೇ ಸ್ಕೀಯಿಂಗ್. ಆದರೆ ಪರದೆಯ ಮೇಲೆ ಕಾಣುವುದು ಹಗಲಿನ ಆಟ ಮಾತ್ರ. ಸಂಜೆಯಾಗುತ್ತಿದ್ದಂತೆ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳು ನಿಲ್ಲುತ್ತವೆ. ಜಪಾನಿನಲ್ಲಿ ಜನವರಿ ತಿಂಗಳಲ್ಲಿ ಐದು ಗಂಟೆಗೆಲ್ಲ ಕತ್ತಲು ಕವಿಯುತ್ತದೆ. ಸಾವಿರಾರು ಜನ ಒಟ್ಟಿಗೆ ಬೆಟ್ಟ ಇಳಿದು ಒಂದು ಸಣ್ಣ ಊರಿಗೆ ಬರುತ್ತಾರೆ. ಮೈ ತಣ್ಣಗಾಗಿದೆ, ಹೊಟ್ಟೆ ಹಸಿದಿದೆ. ಅಷ್ಟೂ ಜನರಿಗೆ ಊಟ ಎಲ್ಲಿ? ಅಡುಗೆ ಮಾಡುವವರು ಯಾರು? ಊಟವಾದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ?

ಮೇಲುನೋಟಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಪ್ರವಾಸಿಗಳು ಬಂದಾಗ ಒಂದು ಊರಿಗೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಹಗಲಿನ ಆಟಕ್ಕಿಂತ ಸಂಜೆಯ ಊಟವನ್ನು ಗಮನಿಸುವುದೇ ಮೇಲು. ಅದಕ್ಕಾಗಿ ನಾವು ನಗಾನೊ ಪ್ರಾಂತದ ನೊಜಾವಾ ಒನ್ಸೆನ್ ಎಂಬ ಹಳ್ಳಿಯನ್ನು ಆರಿಸಿಕೊಳ್ಳೋಣ. ಇಲ್ಲಿನ ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು. ‘ಒನ್ಸೆನ್’ ಎಂದರೆ ಬಿಸಿನೀರಿನ ಬುಗ್ಗೆ. ಹಿಮ ಮತ್ತು ಬಿಸಿನೀರು, ಇವೆರಡೇ ಈ ಊರಿನ ಆಸ್ತಿ.

ಹಿಮ ಬಂದದ್ದು ಹೇಗೆ, ಆಟ ಬಂದದ್ದು ಹೇಗೆ

ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಶೀತಗಾಳಿ ಹೊರಡುತ್ತದೆ. ಅದು ಜಪಾನ್ ಸಮುದ್ರವನ್ನು ದಾಟಬೇಕು. ಆ ಸಮುದ್ರದಲ್ಲಿ ದಕ್ಷಿಣದಿಂದ ಬರುವ ಸುಶಿಮಾ ಎಂಬ ಬೆಚ್ಚನೆಯ ಪ್ರವಾಹವಿದೆ. ಅದರ ಮೇಲೆ ಹಾದು ಬರುವಾಗ ಗಾಳಿ ತೇವವನ್ನು ಹೀರಿಕೊಳ್ಳುತ್ತದೆ. ಮುಂದೆ ಜಪಾನಿನ ಬೆಟ್ಟಸಾಲು ಅಡ್ಡ ಬಂದಾಗ ಮೇಲಕ್ಕೇರಿ, ತಣಿದು, ಆ ತೇವವನ್ನೆಲ್ಲ ಹಿಮವಾಗಿ ಸುರಿಸುತ್ತದೆ. ನಮ್ಮ ಪಶ್ಚಿಮ ಘಟ್ಟಕ್ಕೆ ಮುಂಗಾರು ಮೋಡ ತಾಗಿ ಆಗುಂಬೆಯಲ್ಲಿ ಮಳೆ ಸುರಿಯುತ್ತದಲ್ಲವೇ? ತತ್ವ ಅದೇ. ಅಲ್ಲಿ ಬೀಳುವುದು ಹಿಮ, ಅಷ್ಟೆ.

ಹಿಂದೆ ಈ ಹಿಮ ರೈತರಿಗೆ ಶಾಪವೇ ಆಗಿತ್ತು. ನಾಲ್ಕೈದು ತಿಂಗಳು ಹೊಲದ ಕೆಲಸವಿಲ್ಲ, ದಾರಿಗಳು ಮುಚ್ಚಿಹೋಗುತ್ತಿದ್ದವು. 1911ರ ಜನವರಿಯಲ್ಲಿ ಥಿಯೋಡೋರ್ ಫಾನ್ ಲೆರ್ಖ್ ಎಂಬ ಆಸ್ಟ್ರಿಯಾ-ಹಂಗೆರಿಯ ಸೇನಾಧಿಕಾರಿ ಪಕ್ಕದ ನೀಗಾತಾ ಪ್ರಾಂತದ ತಕಾದಾದಲ್ಲಿ ಜಪಾನೀ ಸೈನಿಕರಿಗೆ ಸ್ಕೀ ಕಲಿಸಿದ. ನೊಜಾವಾದ ಹಳ್ಳಿಗರು 1923ರಲ್ಲಿ ತಮ್ಮದೇ ಸ್ಕೀ ಸಂಘವನ್ನು ಕಟ್ಟಿಕೊಂಡರು. 1930ರಲ್ಲಿ ಆಸ್ಟ್ರಿಯಾದ ಹೆಸರಾಂತ ಸ್ಕೀ ಗುರು ಹಾನೆಸ್ ಷ್ನೈಡರ್ ಜಪಾನಿಗೆ ಬಂದಾಗ ಈ ಊರಿಗೂ ಬಂದು ಪಾಠ ಹೇಳಿದ. ಬೆಟ್ಟದ ಮೇಲೆ ಮೊದಲು ಲಿಫ್ಟ್ ಹಾಕಿ ನಡೆಸಿದ್ದೂ ಹಳ್ಳಿಗರ ಸಂಘವೇ. 1963ರಲ್ಲಿ ಅದು ಆ ವ್ಯವಸ್ಥೆಯನ್ನು ಗ್ರಾಮಾಡಳಿತಕ್ಕೆ ಒಪ್ಪಿಸಿತು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀ ಮತ್ತು ಗುರಿಕಾರಿಕೆ ಸೇರಿದ ಬಯಾಥ್ಲಾನ್ ಸ್ಪರ್ಧೆ ಇಲ್ಲೇ ನಡೆಯಿತು.

ಈ ಇತಿಹಾಸವನ್ನು ನೆನಪಿಟ್ಟುಕೊಳ್ಳಿ. ಹೊರಗಿನ ಬಂಡವಾಳ ಬಂದು ಊರು ಕಟ್ಟಲಿಲ್ಲ. ಮೊದಲೇ ಇದ್ದ ಊರು ಆಟವನ್ನು ಬರಮಾಡಿಕೊಂಡಿತು. ಇಲ್ಲಿನ ಸಂಜೆಯ ಸ್ವರೂಪಕ್ಕೆ ಇದೇ ಕಾರಣ.

ಮೊದಲು ಸ್ನಾನ

ನೊಜಾವಾದ ಸಂಜೆ ಊಟದಿಂದಲ್ಲ, ಸ್ನಾನದಿಂದ ಆರಂಭವಾಗುತ್ತದೆ. ಊರಿನ ಬೀದಿಗಳಲ್ಲಿ 13 ಸಾರ್ವಜನಿಕ ಸ್ನಾನಗೃಹಗಳಿವೆ. ಇವಕ್ಕೆ ‘ಸೊತೊಯು’ ಎಂದು ಹೆಸರು. ಹೆಚ್ಚಿನವು ಮರದ ಸಣ್ಣ ಕಟ್ಟಡಗಳು. ಒಳಗೆ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ತೊಟ್ಟಿಗಳಿವೆ. ಪ್ರವೇಶ ಶುಲ್ಕವಿಲ್ಲ. ಇಷ್ಟವಿದ್ದವರು ಪೆಟ್ಟಿಗೆಗೆ ಕಾಣಿಕೆ ಹಾಕಬಹುದು.

ಹಾಗಾದರೆ ಇವನ್ನು ನೋಡಿಕೊಳ್ಳುವವರು ಯಾರು? ಸರ್ಕಾರವಲ್ಲ, ಹೋಟೆಲುಗಳೂ ಅಲ್ಲ. ಸುತ್ತಲಿನ ಮನೆಗಳವರು ಸೇರಿ ‘ಯು-ನಕಾಮಾ’ ಎಂಬ ಕೂಟ ಮಾಡಿಕೊಂಡಿದ್ದಾರೆ. ‘ಬಿಸಿನೀರಿನ ಬಳಗ’ ಎಂದು ಇದನ್ನು ಕನ್ನಡದಲ್ಲಿ ಕರೆಯಬಹುದು. ಸರದಿಯ ಮೇಲೆ ತೊಟ್ಟಿ ಉಜ್ಜುವುದು, ನೆಲ ತೊಳೆಯುವುದು, ಖರ್ಚು ಹಂಚಿಕೊಳ್ಳುವುದು ಇವರ ಕೆಲಸ. ಅತಿಥಿಗಳು ಪುಕ್ಕಟೆಯಾಗಿ ಮೀಯುವ ನೀರು ಈ ಮನೆಗಳವರ ದುಡಿಮೆಯಿಂದ ಶುಚಿಯಾಗಿ ಉಳಿದಿದೆ.

ಆದ್ದರಿಂದಲೇ ಇಲ್ಲಿ ನಿಯಮಗಳು ಕಟ್ಟುನಿಟ್ಟು. ತೊಟ್ಟಿಗೆ ಇಳಿಯುವ ಮೊದಲು ಮೈಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಈಜುಡುಗೆ ತೊಡುವಂತಿಲ್ಲ. ಟವೆಲ್ಲನ್ನು ನೀರಿಗೆ ಅದ್ದುವಂತಿಲ್ಲ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ನೀರು ಸುಡುವಷ್ಟು ಬಿಸಿಯಾಗಿರುವುದರಿಂದ ಹೊಸಬರು ಸ್ವಲ್ಪ ಸ್ವಲ್ಪವಾಗಿ ಇಳಿದು, ಕೆಲವೇ ನಿಮಿಷಗಳಲ್ಲಿ ಮೇಲೆ ಬರುವುದು ಕ್ಷೇಮ. ಮದ್ಯ ಕುಡಿದು ಇಳಿಯಲೇಬಾರದು.

ಊರಿನ ಇನ್ನೊಂದು ಬುಗ್ಗೆಯ ಹೆಸರು ಓಗಾಮಾ. ‘ಹೆಂಪ್ ನಾರಿನ ಹಂಡೆ’ ಎಂದು ಅರ್ಥ. ಅಲ್ಲಿ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿ ಉಕ್ಕುತ್ತದೆ. ಅದು ಹಳ್ಳಿಗರ ಸಾಮೂಹಿಕ ಅಡುಗೆಮನೆ. ಸೊಪ್ಪು, ತರಕಾರಿ, ಮೊಟ್ಟೆಗಳನ್ನು ಅಲ್ಲಿ ಬೇಯಿಸುತ್ತಾರೆ. ಅಪಾಯದ ಕಾರಣದಿಂದ ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ, ಬೇಲಿಯಾಚೆ ನಿಂತು ನೋಡಬಹುದು.

ಬಿಸಿನೀರಿನ ಬುಗ್ಗೆಯ ಮೊಟ್ಟೆಯ ವಿಜ್ಞಾನ ಸ್ವಾರಸ್ಯವಾದದ್ದು. ಮೊಟ್ಟೆಯ ಹಳದಿ ಭಾಗ 65ರಿಂದ 70 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಬಿಳಿ ಭಾಗ ಪೂರ್ತಿ ಗಟ್ಟಿಯಾಗಲು ಸುಮಾರು 80 ಡಿಗ್ರಿ ಬೇಕು. ಆದ್ದರಿಂದ 70 ಡಿಗ್ರಿ ಸುತ್ತಲಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಒಳಗಿನ ಹಳದಿ ಗಟ್ಟಿ, ಹೊರಗಿನ ಬಿಳಿ ಮೆತ್ತಗೆ! ನಮ್ಮ ಮನೆಯ ಬೆಂದ ಮೊಟ್ಟೆಗೆ ಇದು ತದ್ವಿರುದ್ಧ.

ಮನೆಯ ಊಟ

ಸ್ನಾನವಾಯಿತು. ಇನ್ನು ಊಟ. ಬೇಸಾಯದ ಮನೆಗಳೇ ಚಳಿಗಾಲದಲ್ಲಿ ಒಂದೆರಡು ಕೋಣೆ ತೆರವು ಮಾಡಿ ಅತಿಥಿಗಳನ್ನು ಇಟ್ಟುಕೊಳ್ಳುತ್ತಿದ್ದವು. ಇಂಥ ಮನೆ-ವಸತಿಗೆ ‘ಮಿನ್ಶುಕು’ ಎನ್ನುತ್ತಾರೆ. ಇನ್ನೂ ದೊಡ್ಡದಾದ ಸಾಂಪ್ರದಾಯಿಕ ವಸತಿಗೃಹ ‘ರ್ಯೋಕಾನ್’. ಎರಡರಲ್ಲೂ ಹಳೆಯ ಪದ್ಧತಿ ‘ಒಂದು ರಾತ್ರಿ, ಎರಡು ಊಟ’. ಅಂದರೆ ಬಾಡಿಗೆಯಲ್ಲೇ ರಾತ್ರಿಯ ಊಟವೂ ಬೆಳಗಿನ ಊಟವೂ ಸೇರಿರುತ್ತದೆ. ರಾತ್ರಿಯ ಊಟ ಆರು ಅಥವಾ ಆರೂವರೆಗೆ. ತಡವಾಗಿ ಬಂದರೆ ಮನೆಯವರಿಗೆ ಬೇಸರ.

ಈ ಪದ್ಧತಿಯ ಹಿಂದೆ ಒಳ್ಳೆಯ ಲೆಕ್ಕಾಚಾರವಿದೆ. ಎಷ್ಟು ಜನ ಉಣ್ಣುತ್ತಾರೆಂಬುದು ಬೆಳಗ್ಗೆಯೇ ಗೊತ್ತು. ಅಷ್ಟಕ್ಕೇ ಸಾಮಾನು ತರಬಹುದು. ಏನೂ ಹಾಳಾಗುವುದಿಲ್ಲ. ಎಲ್ಲರೂ ಒಟ್ಟಿಗೆ ಉಂಡರೆ ಒಮ್ಮೆ ಪಾತ್ರೆ ತೊಳೆದರೆ ಮುಗಿಯಿತು. ಮನೆಯೊಡತಿ ಮತ್ತು ಒಂದಿಬ್ಬರು ಸೇರಿ ಇಪ್ಪತ್ತು ಜನರನ್ನು ಸುಧಾರಿಸಬಹುದು.

ಊಟದಲ್ಲಿ ಏನಿರುತ್ತದೆ? ಅನ್ನ, ಸೋಯಾ ಅವರೆಯನ್ನು ಹುದುಗಿಸಿ ಮಾಡಿದ ಮಿಸೊ ಹಾಕಿದ ಸಾರು, ತೋಫು, ವಸಂತದಲ್ಲಿ ಆರಿಸಿ ಉಪ್ಪಿನಲ್ಲಿಟ್ಟ ಕಾಡುಸೊಪ್ಪು, ಸುಟ್ಟ ಮೀನು, ಮೇಜಿನ ಮೇಲೆಯೇ ಕುದಿಯುವ ‘ನಾಬೆ’ ಎಂಬ ಒಂದೇ ಪಾತ್ರೆಯ ಅಡುಗೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಪುಟ್ಟ ಬಟ್ಟಲಿನಲ್ಲಿ ಹಸಿರು ಸೊಪ್ಪಿನ ಉಪ್ಪಿನಕಾಯಿ. ಇದೇ ಊರಿನ ಹೆಸರು ಹೊತ್ತ ‘ನೊಜಾವನಾ’.

ನೊಜಾವನಾ ಟರ್ನಿಪ್ ಗೆಡ್ಡೆಯ ಜಾತಿಗೆ ಸೇರಿದ ಎತ್ತರದ ಸೊಪ್ಪು. ಹದಿನೆಂಟನೆಯ ಶತಮಾನದಲ್ಲಿ ಊರಿನ ಕೆನ್ಮೇಜಿ ದೇವಾಲಯದ ಭಿಕ್ಷುವೊಬ್ಬರು ಪಶ್ಚಿಮದಿಂದ ಇದರ ಬೀಜ ತಂದರೆಂದು ಐತಿಹ್ಯ. ಹಿಮ ಬೀಳುವ ಮೊದಲು, ನವೆಂಬರ್ ಸುಮಾರಿಗೆ ಕೊಯ್ಲು. ಆಗ ಹೆಂಗಸರು ಸೊತೊಯುಗಳ ಬಿಸಿನೀರಿನಲ್ಲೇ ಕಂತೆ ಕಂತೆ ಸೊಪ್ಪನ್ನು ತೊಳೆಯುತ್ತಾರೆ. ಕೊರೆಯುವ ಚಳಿಯಲ್ಲಿ ಕೈ ಮರಗಟ್ಟದಿರಲು ಇದೊಂದು ಉಪಾಯ. ಬಳಿಕ ಉಪ್ಪು ಬೆರೆಸಿ, ಮರದ ಪೀಪಾಯಿಗೆ ತುಂಬಿ, ಮೇಲೆ ಭಾರದ ಕಲ್ಲು ಇಡುತ್ತಾರೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಅದನ್ನು ಹುಳಿ ಮಾಡುತ್ತವೆ. ಚಳಿಗಾಲದ ಆರಂಭದಲ್ಲಿ ಹಸಿರಾಗಿ ಗರಿಗರಿಯಾಗಿರುವ ಸೊಪ್ಪು, ವಸಂತದ ಹೊತ್ತಿಗೆ ಜೇನಿನ ಬಣ್ಣಕ್ಕೆ ತಿರುಗಿ ಹುಳಿಯಾಗುತ್ತದೆ. ಹಸಿ ತರಕಾರಿಯೇ ಸಿಗದ ತಿಂಗಳುಗಳಲ್ಲಿ ಈ ಪೀಪಾಯಿ ಮನೆಮಂದಿಯನ್ನು ಕಾಪಾಡುತ್ತಿತ್ತು. ಬೀದಿಯಲ್ಲಿ ಮಾರುವ ‘ಒಯಾಕಿ’ ಎಂಬ ಹಿಟ್ಟಿನ ಉಂಡೆಯೊಳಗಿನ ಹೂರಣವೂ ಅನೇಕ ವೇಳೆ ಇದೇ ಸೊಪ್ಪು.

ಉಣ್ಣುವ ಮೊದಲು ಜಪಾನೀಯರು ‘ಇತಾದಾಕಿಮಾಸು’ ಎನ್ನುತ್ತಾರೆ. ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂದು ಅದರ ಭಾವ. ಉಂಡಾದ ಮೇಲೆ ಅಡುಗೆ ಮಾಡಿದವರಿಗೆ ಕೃತಜ್ಞತೆಯಾಗಿ ‘ಗೊಚಿಸೋಸಾಮಾ’ ಎನ್ನುತ್ತಾರೆ. ಈ ಎರಡು ಮಾತುಗಳನ್ನು ಕಲಿತು ಹೋದ ಅತಿಥಿಗೆ ಅರ್ಧ ಜಪಾನೀ ಭಾಷೆ ಬಂದಂತೆಯೇ ಸರಿ!

ಸಸ್ಯಾಹಾರಿಗಳಿಗೆ, ಮತ್ತು ಕರಿ ಪ್ರಿಯರಿಗೆ

ನಿಮ್ಮಲ್ಲಿ ಸಸ್ಯಾಹಾರಿಗಳಾದವರು ಒಂದು ಸಂಗತಿ ತಿಳಿದಿರಬೇಕು. ಜಪಾನೀ ಅಡುಗೆಯ ಅಡಿಪಾಯ ‘ದಾಶಿ’ ಎಂಬ ತಿಳಿಸಾರು. ಅದನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಒಣಗಿಸಿ ಹೊಗೆಯಾಡಿಸಿದ ಮೀನಿನ ಸಿಪ್ಪೆಗಳಿಂದ ಮಾಡುತ್ತಾರೆ. ಆದ್ದರಿಂದ ನೋಟಕ್ಕೆ ಬರೀ ತೋಫು, ತರಕಾರಿ ಇರುವ ಬಟ್ಟಲಿನಲ್ಲೂ ಮೀನಿನ ರಸ ಇರಬಹುದು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಮೀನಿನ ದಾಶಿಯೂ ಬೇಡವೆಂದು ಕೋಣೆ ಕಾದಿರಿಸುವಾಗಲೇ ತಿಳಿಸಬೇಕು. ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಕೇವಲ ಕೊಂಬು ಮತ್ತು ಅಣಬೆಯ ದಾಶಿ ಬಳಸುತ್ತಾರಾದ್ದರಿಂದ ಇದು ಅವರಿಗೆ ಅಪರಿಚಿತವೇನಲ್ಲ. ಕೊಂಬುವಿನ ರುಚಿಗೆ ಕಾರಣ ಗ್ಲುಟಮೇಟ್ ಎಂಬುದನ್ನು 1908ರಲ್ಲಿ ಕಂಡುಹಿಡಿದವರು ಜಪಾನೀ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ. ಆ ರುಚಿಗೆ ಅವರಿಟ್ಟ ಹೆಸರು ‘ಉಮಾಮಿ’.

ಮಧ್ಯಾಹ್ನ ಬೆಟ್ಟದ ಮೇಲಿನ ಉಪಾಹಾರ ಗೃಹಗಳಲ್ಲಿ ನಿಮಗೊಂದು ಪರಿಚಿತ ಹೆಸರು ಕಾಣುತ್ತದೆ: ‘ಕರಿ ರೈಸ್’. ಜಪಾನಿನ ಸ್ಕೀ ಬೆಟ್ಟಗಳಲ್ಲಿ ಇದು ಬಹು ಕಾಲದ ರೂಢಿಯ ಊಟ. ದೊಡ್ಡ ಹಂಡೆಯಲ್ಲಿ ಒಮ್ಮೆ ಮಾಡಿಟ್ಟರೆ ನೂರಾರು ಜನರಿಗೆ ಬೇಗ ಬಡಿಸಬಹುದು ಎಂಬುದೇ ಕಾರಣ. ಈ ಗಟ್ಟಿ, ಸಿಹಿ ಕರಿ ಜಪಾನಿಗೆ ಬಂದದ್ದು ಮೇಜಿ ಯುಗದಲ್ಲಿ, ಬ್ರಿಟಿಷರ ಮೂಲಕ. ನಮ್ಮ ದೇಶದ ಕರಿಯನ್ನು ನೇರವಾಗಿ ಪರಿಚಯಿಸಿದ ಕೀರ್ತಿ ಸ್ವಾತಂತ್ರ್ಯ ಹೋರಾಟಗಾರ ರಾಸ್ ಬಿಹಾರಿ ಬೋಸರದು. 1915ರಲ್ಲಿ ಜಪಾನಿಗೆ ಹೋದ ಅವರಿಗೆ ಟೋಕಿಯೋದ ನಕಾಮುರಾಯಾ ಎಂಬ ಬೇಕರಿಯ ಕುಟುಂಬ ಆಶ್ರಯ ನೀಡಿತು. 1927ರಲ್ಲಿ ಅಲ್ಲಿ ಭಾರತೀಯ ಕರಿ ಬಡಿಸುವ ಏರ್ಪಾಡಾಯಿತು.

ಊಟದ ನಂತರದ ಬೀದಿ

ಸಂಜೆ ಏಳೂವರೆ, ಎಂಟರ ಹೊತ್ತಿಗೆ ಊರಿನ ಇಕ್ಕಟ್ಟಾದ ಬೀದಿಗಳು ತುಂಬುತ್ತವೆ. ಚರಂಡಿಗಳಿಂದ ಬಿಸಿನೀರಿನ ಆವಿ ಏಳುತ್ತಿರುತ್ತದೆ. ಅಂಗಡಿಗಳ ಮುಂದೆ ಬಿದಿರಿನ ಬುಟ್ಟಿಗಳಲ್ಲಿ ಸಿಹಿ ಅವರೆಯ ಹೂರಣ ತುಂಬಿದ ಬೆಂದ ಉಂಡೆಗಳು. ಇವಕ್ಕೆ ‘ಮಂಜು’ ಎನ್ನುತ್ತಾರೆ. ನಮ್ಮ ಭಾಷೆಯ ಮಂಜಿಗೂ ಇದಕ್ಕೂ ಸಂಬಂಧವಿಲ್ಲ.

ಇಲ್ಲಿನ ರಾತ್ರಿಯ ಮುಖ್ಯ ತಾಣ ‘ಇಜಾಕಾಯಾ’. ಊಟದ ಹೋಟೆಲು ಮತ್ತು ಮದ್ಯದಂಗಡಿ ಎರಡೂ ಸೇರಿದ ಸ್ಥಳ. ಬಾಗಿಲಿಗೆ ಬಟ್ಟೆಯ ಪರದೆ ನೇತಾಡುತ್ತಿದ್ದರೆ ಅಂಗಡಿ ತೆರೆದಿದೆಯೆಂದು ಗುರುತು. ಅನೇಕ ಕಡೆ ಹತ್ತು ಹದಿನೈದು ಜನರಿಗಷ್ಟೇ ಜಾಗ. ಕುಳಿತೊಡನೆ ಕೈ ಒರೆಸಲು ಬಿಸಿ ಬಟ್ಟೆ ಕೊಡುತ್ತಾರೆ. ಅನಂತರ ನೀವು ಕೇಳದಿದ್ದರೂ ಒಂದು ಪುಟ್ಟ ತಿನಿಸು ಬರುತ್ತದೆ. ಇದು ‘ಒತೋಶಿ’. ಕುಳಿತ ಜಾಗದ ಬಾಡಿಗೆಯಂತೆ ಇದರ ಬೆಲೆ ಬಿಲ್ಲಿನಲ್ಲಿ ಸೇರುತ್ತದೆ. ಇದನ್ನರಿಯದ ವಿದೇಶೀಯರು ಮೋಸವೆಂದು ಜಗಳವಾಡುವುದುಂಟು. ಮೋಸವಲ್ಲ, ಪದ್ಧತಿ. ಇನ್ನೊಂದು ಪದ್ಧತಿ ಗ್ರಾಹಕರಿಗೇ ಲಾಭ: ಟಿಪ್ಸ್ ಕೊಡುವ ರೂಢಿ ಇಲ್ಲ. ಕೊಟ್ಟರೆ ಮರೆತು ಬಿಟ್ಟ ಹಣವೆಂದು ಹಿಂದೆ ಓಡಿಬಂದು ಕೊಡುತ್ತಾರೆ.

ಮದ್ಯದ ವಿಷಯದಲ್ಲಿ ಜಪಾನಿನ ಕಾನೂನನ್ನು ನೀವು ತಿಳಿದಿರಬೇಕು. 2022ರ ಏಪ್ರಿಲ್‌ನಲ್ಲಿ ಪ್ರಾಯಪ್ರಬುದ್ಧತೆಯ ವಯಸ್ಸು 20ರಿಂದ 18ಕ್ಕೆ ಇಳಿದರೂ ಮದ್ಯಪಾನಕ್ಕೆ 20 ವರ್ಷವೇ ಕನಿಷ್ಠ ವಯಸ್ಸು. ಕುಡಿದು ವಾಹನ ಓಡಿಸಿದವನಿಗೆ ಮಾತ್ರವಲ್ಲ, ತಿಳಿದೂ ಅವನಿಗೆ ವಾಹನ ಕೊಟ್ಟವನಿಗೆ, ಮದ್ಯ ಕೊಟ್ಟವನಿಗೆ, ಜೊತೆಯಲ್ಲಿ ಕುಳಿತು ಹೋದವನಿಗೂ ಶಿಕ್ಷೆಯೆಂದು 2007ರಲ್ಲಿ ಕಾನೂನು ಬಿಗಿಯಾಯಿತು. ಮದ್ಯ ಮೈ ಬೆಚ್ಚಗಾಗಿಸುತ್ತದೆ ಎಂಬ ನಂಬಿಕೆಯೂ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಚರ್ಮಕ್ಕೆ ಬಂದು ಬೆಚ್ಚಗೆನಿಸುತ್ತದೆ, ಆದರೆ ಶರೀರದ ಒಳಗಿನ ಶಾಖ ಹೊರಗೆ ಸೋರಿಹೋಗುತ್ತದೆ. ಕುಡಿದವನು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ದಾರಿ ಬದಿಯ ಹಿಮದಲ್ಲಿ ಬಿದ್ದರೆ ಪ್ರಾಣಕ್ಕೇ ಸಂಚಕಾರ.

ಬದಲಾದ ಸಂಜೆ

ಇಲ್ಲಿಯವರೆಗೆ ನೋಡಿದ್ದು ಹಳೆಯ ವ್ಯವಸ್ಥೆ. ಅದು ಹಾಗೇ ಉಳಿದಿಲ್ಲ. 1980ರ ದಶಕದಲ್ಲಿ ಜಪಾನಿನಲ್ಲಿ ಹಣದ ಹೊಳೆಯೇ ಹರಿಯಿತು. ಸ್ಕೀಯಿಂಗ್ ಯುವಜನರ ಹುಚ್ಚಾಯಿತು. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 1.8 ಕೋಟಿ ಜನ ಸ್ಕೀ ಆಡುತ್ತಿದ್ದರು. ಆಮೇಲೆ ಆರ್ಥಿಕ ಗುಳ್ಳೆ ಒಡೆಯಿತು, ಯುವಜನರ ಸಂಖ್ಯೆಯೂ ಕುಗ್ಗಿತು. ಸ್ಕೀ ಆಡುವವರು ಮೊದಲಿನ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾದರು. ಎಷ್ಟೋ ಬೆಟ್ಟಗಳಲ್ಲಿ ಲಿಫ್ಟ್‌ಗಳು ತುಕ್ಕು ಹಿಡಿದವು.

ಆಗ ಕೈ ಹಿಡಿದವರು ಹೊರದೇಶದ ಅತಿಥಿಗಳು, ಅದರಲ್ಲೂ ಮೊದಲು ಆಸ್ಟ್ರೇಲಿಯಾದವರು. 2015ರ ಮಾರ್ಚ್‌ನಲ್ಲಿ ಬುಲೆಟ್ ರೈಲು ಸಮೀಪದ ಈಯಾಮಾ ನಿಲ್ದಾಣಕ್ಕೆ ಬಂದ ಮೇಲೆ ನೊಜಾವಾ ಇನ್ನೂ ಹತ್ತಿರವಾಯಿತು. ಆದರೆ ಹೊಸ ಅತಿಥಿಗಳ ರೀತಿ ಬೇರೆ. ಜಪಾನೀಯರು ಒಂದೆರಡು ರಾತ್ರಿ ತಂಗಿದರೆ ಇವರು ವಾರಗಟ್ಟಲೆ ತಂಗುತ್ತಾರೆ. ಏಳು ರಾತ್ರಿಯೂ ಆರು ಗಂಟೆಗೇ ಬಂದು ಅದೇ ಊಟ ಮಾಡುವುದು ಅವರಿಗೆ ಒಗ್ಗದು. ಇತ್ತ ಮಿನ್ಶುಕು ನಡೆಸುವ ದಂಪತಿಗಳಿಗೆ ವಯಸ್ಸಾಗಿದೆ, ಮಕ್ಕಳು ನಗರದಲ್ಲಿದ್ದಾರೆ. ಹೀಗಾಗಿ ಅನೇಕರು ರಾತ್ರಿಯ ಊಟ ಕೊಡುವುದನ್ನೇ ನಿಲ್ಲಿಸಿದರು. ಎರಡೂ ಕಡೆಗೆ ಇದು ಅನುಕೂಲವೆಂದೇ ತೋರಿತು.

ಫಲವೇನು? ಮೊದಲು ನೂರು ಮನೆಗಳಲ್ಲಿ ಹಂಚಿಹೋಗುತ್ತಿದ್ದ ಊಟ ಈಗ ಕೆಲವೇ ಹೋಟೆಲುಗಳ ಬಾಗಿಲಿಗೆ ಬಂತು. ಹತ್ತು ಜನ ಕೂರುವ ಅಂಗಡಿಯ ಮುಂದೆ ನಲವತ್ತು ಜನ ಹಿಮದಲ್ಲಿ ಸಾಲು ನಿಲ್ಲುವಂತಾಯಿತು. ಸ್ಕೀ ಊರುಗಳಲ್ಲಿ ಇಂಥವರಿಗೆ ‘ರಾತ್ರಿಯೂಟದ ನಿರಾಶ್ರಿತರು’ ಎಂಬ ಅರ್ಥದ ಮಾತೇ ಜಪಾನೀ ಭಾಷೆಯಲ್ಲಿ ಬಳಕೆಗೆ ಬಂದಿದೆ. ದಿನದ ಕೆಲಸ ಮುಗಿಸಿ ಒಂದು ಬಟ್ಟಲು ಸಾಕೆ ಕುಡಿಯುತ್ತ ನೆರೆಯವರೊಡನೆ ಹರಟಲು ಬರುತ್ತಿದ್ದ ಊರವನಿಗೆ ಅವನ ಎಂದಿನ ಅಂಗಡಿಯಲ್ಲೇ ಜಾಗವಿಲ್ಲ.

ಈ ಬದಲಾವಣೆ ಇನ್ನೂ ಮುಂದಕ್ಕೆ ಹೋದರೆ ಏನಾಗುತ್ತದೆಂಬುದಕ್ಕೆ ಉತ್ತರದ ಹೊಕ್ಕೈಡೊ ದ್ವೀಪದ ನಿಸೆಕೊ ಒಂದು ಉದಾಹರಣೆ. ಅಲ್ಲಿನ ಪುಡಿಹಿಮಕ್ಕೆ ಮಾರುಹೋದ ಆಸ್ಟ್ರೇಲಿಯನ್ನರು 2000ದ ದಶಕದಲ್ಲಿ ಬಂದರು. ಅವರ ಹಿಂದೆಯೇ ಏಷ್ಯಾದ ಬೇರೆ ಬೇರೆ ದೇಶಗಳ ಬಂಡವಾಳ ಬಂತು. ಹಿರಾಫು ಎಂಬ ಕೇರಿಯಲ್ಲಿ ಇಂದು ನಡುರಾತ್ರಿಯವರೆಗೂ ದೀಪ ಆರದ ಮದ್ಯದಂಗಡಿಗಳು, ಹೆಸರಾಂತ ಅಡುಗೆಯವರ ಊಟದ ಮನೆಗಳು, ಬಂಡಿಗಳಲ್ಲಿ ಮಾರುವ ತಿನಿಸುಗಳು ಎಲ್ಲವೂ ಇವೆ. ಅನೇಕ ಕಡೆ ಇಂಗ್ಲಿಷೇ ಮೊದಲ ಭಾಷೆ. ನಗರದಲ್ಲಿ ಸಾವಿರ ಯೆನ್ ಸುತ್ತಮುತ್ತ ಸಿಗುವ ಒಂದು ಬಟ್ಟಲು ರಾಮೆನ್ ಶ್ಯಾವಿಗೆಗೆ ಅಲ್ಲಿ ಎರಡು ಪಟ್ಟು, ಕೆಲವೆಡೆ ಅದಕ್ಕೂ ಹೆಚ್ಚು ಬೆಲೆ. ಭೂಮಿಯ ಬೆಲೆ ಏರುವುದರಲ್ಲಿ ಆ ಪ್ರದೇಶದ ಕುತ್ಚಾನ್ ಪಟ್ಟಣ ಹಲವು ವರ್ಷ ಜಪಾನಿಗೇ ಮುಂಚೂಣಿಯಲ್ಲಿತ್ತು.

ನಿಸೆಕೊ ಕೆಟ್ಟಿತೆಂದು ಅವಸರದಿಂದ ತೀರ್ಪು ಕೊಡಬೇಡಿ. ಅಲ್ಲಿ ಉದ್ಯೋಗವಿದೆ, ಕೂಲಿ ಹೆಚ್ಚಿದೆ, ಸುತ್ತಲಿನ ರೈತರ ಆಲೂಗಡ್ಡೆಗೆ ಗಿರಾಕಿಗಳಿದ್ದಾರೆ. ಕುತ್ಚಾನ್ ಪಟ್ಟಣ 2019ರ ನವೆಂಬರ್‌ನಿಂದ ವಸತಿ ದರದ ಮೇಲೆ ಶೇಕಡಾ 2ರಷ್ಟು ತೆರಿಗೆ ವಿಧಿಸಿ, ಅತಿಥಿಗಳಿಂದ ಬರುವ ಹಣದಲ್ಲಿ ಊರಿಗೂ ಒಂದು ಪಾಲು ಪಡೆಯುವ ದಾರಿ ಕಂಡುಕೊಂಡಿತು. ಆದರೆ ಅಲ್ಲಿ ಕೆಲಸ ಮಾಡುವ ಹುಡುಗನಿಗೆ ಬಾಡಿಗೆ ಮನೆ ಸಿಗುವುದು ಕಷ್ಟ. ತಾನು ಬಡಿಸುವ ಊಟವನ್ನು ತಾನೇ ಕೊಂಡು ಉಣ್ಣುವುದು ಇನ್ನೂ ಕಷ್ಟ. ಪ್ರಶ್ನೆ ಇರುವುದು ಇಲ್ಲೇ.

ಊರು ತನಗಾಗಿ ಉಳಿಸಿಕೊಂಡ ರಾತ್ರಿ

ಮತ್ತೆ ನೊಜಾವಾಕ್ಕೆ ಬರೋಣ. ಪ್ರತಿ ವರ್ಷ ಜನವರಿ 15ರ ರಾತ್ರಿ ಅಲ್ಲಿ ದೋಸೋಜಿನ್ ಅಗ್ನಿ ಉತ್ಸವ ನಡೆಯುತ್ತದೆ. ದೋಸೋಜಿನ್ ದಾರಿಗಳನ್ನು ಕಾಯುವ ದೇವತೆ. ಊರ ಗಂಡಸರು ಕಾಡಿನಿಂದ ಮರ ತಂದು ದೊಡ್ಡದೊಂದು ಮರದ ಗುಡಿ ಕಟ್ಟುತ್ತಾರೆ. ಜಪಾನಿನ ನಂಬಿಕೆಯಲ್ಲಿ ಗಂಡಸಿಗೆ 25 ಮತ್ತು 42 ಕಂಟಕದ ವಯಸ್ಸುಗಳು. 42ರವರು ಗುಡಿಯ ಮೇಲೆ ಕೂರುತ್ತಾರೆ. 25ರವರು ಬುಡದಲ್ಲಿ ನಿಂತು ಕಾಯುತ್ತಾರೆ. ಉಳಿದ ಊರವರು ಉರಿಯುವ ಪಂಜು ಹಿಡಿದು ಗುಡಿಗೆ ಬೆಂಕಿ ಹಚ್ಚಲು ನುಗ್ಗುತ್ತಾರೆ. ಬಹಳ ಹೊತ್ತಿನ ಸೆಣಸಾಟದ ನಂತರ ರಾಜಿಯಾಗಿ, ಮೇಲಿದ್ದವರೆಲ್ಲ ಇಳಿದ ಮೇಲೆ, ಗುಡಿಯನ್ನು ಬೆಂಕಿಗೆ ಒಪ್ಪಿಸುತ್ತಾರೆ. 1993ರಲ್ಲಿ ಜಪಾನ್ ಸರ್ಕಾರ ಇದನ್ನು ಮಹತ್ವದ ಜಾನಪದ ಸಾಂಸ್ಕೃತಿಕ ಆಸ್ತಿಯೆಂದು ಸಾರಿತು.

ಆ ರಾತ್ರಿ ಸಾವಿರಾರು ಪ್ರವಾಸಿಗಳು ಸುತ್ತ ನಿಂತು ನೋಡುತ್ತಾರೆ. ಊರವರು ಅವರಿಗೂ ಸಾಕೆ ಹಂಚುತ್ತಾರೆ. ಆದರೆ ಗುಡಿ ಕಟ್ಟುವವರು, ಕಾಯುವವರು, ಸುಡುವವರು ಊರವರೇ. ಹಣ ಕೊಟ್ಟು ಅಲ್ಲಿ ಪಾತ್ರ ವಹಿಸಲಾಗದು. ಮರ ತರುವುದರಿಂದ ಹಿಡಿದು ಬೂದಿ ಗುಡಿಸುವವರೆಗೆ ಒಟ್ಟಿಗೆ ದುಡಿದ ಯುವಕರೇ ಮುಂದೆ ಸ್ನಾನಗೃಹದ ತೊಟ್ಟಿಯನ್ನೂ ಉಜ್ಜುತ್ತಾರೆ, ಅಂಗಡಿಯನ್ನೂ ನಡೆಸುತ್ತಾರೆ.

ಅತಿಥಿಗಳಿಲ್ಲದೆ ಈ ಊರು ಬದುಕಲಾರದು. ಅತಿಥಿಗಳಿಗಾಗಿಯೇ ಬದುಕಿದರೆ ಊರಾಗಿ ಉಳಿಯಲಾರದು. ಬಿಸಿನೀರು, ಉಪ್ಪಿನಕಾಯಿಯ ಪೀಪಾಯಿ, ಹತ್ತು ಜನರ ಇಜಾಕಾಯಾ ಇವೆಲ್ಲ ಅತಿಥಿಗಳಿಗೆ ಹಿತವಾಗಿರುವುದು ಅವು ಮೊದಲು ಊರವರಿಗೆ ಬೇಕಾಗಿರುವುದರಿಂದ. ನೀವು ಮುಂದೆಂದಾದರೂ ಅಲ್ಲಿಗೆ ಹೋದರೆ ಹೇಳಿದ ಹೊತ್ತಿಗೆ ಊಟಕ್ಕೆ ಬನ್ನಿ, ಮೈ ತೊಳೆದು ತೊಟ್ಟಿಗೆ ಇಳಿಯಿರಿ, ಪೆಟ್ಟಿಗೆಗೆ ಒಂದು ನಾಣ್ಯ ಹಾಕಿ, ರಾತ್ರಿ ಹತ್ತರ ಮೇಲೆ ಬೀದಿಯಲ್ಲಿ ದನಿ ತಗ್ಗಿಸಿ. ಬೆಳಗಿನ ಊಟಕ್ಕೆ ಅಕ್ಕಿ ತೊಳೆಯಲು ಮನೆಯೊಡತಿ ನಿಮಗಿಂತ ಮೊದಲು ಏಳಬೇಕು.

ಯೋಚಿಸಿ, ಚರ್ಚಿಸಿ

1. ‘ಒಂದು ರಾತ್ರಿ, ಎರಡು ಊಟ’ದ ಪದ್ಧತಿ ನಿಂತದ್ದರಿಂದ ಲಾಭ ಯಾರಿಗಾಯಿತು, ನಷ್ಟ ಯಾರಿಗಾಯಿತು?

2. ಶುಲ್ಕವಿಲ್ಲದ ಸಾರ್ವಜನಿಕ ಸ್ನಾನಗೃಹವನ್ನು ಅತಿಥಿಗಳು ಹೆಚ್ಚಿದಂತೆ ಊರವರೇ ನಿರ್ವಹಿಸಿಕೊಂಡು ಹೋಗುವುದು ಸಾಧ್ಯವೇ? ಶುಲ್ಕ ವಿಧಿಸಿದರೆ ಏನು ಬದಲಾಗುತ್ತದೆ?

3. ನಿಮಗೆ ತಿಳಿದ ಒಂದು ಪ್ರವಾಸಿ ಸ್ಥಳದಲ್ಲಿ ಸಂಜೆಯ ಊಟ ಮಾಡುವವರು ಯಾರು, ಬಡಿಸುವವರು ಯಾರು, ಅಲ್ಲಿ ಊಟಕ್ಕೆ ಕೂರಲಾಗದವರು ಯಾರು ಎಂಬುದನ್ನು ವಿಚಾರಿಸಿ ಒಂದು ಪುಟ ಬರೆಯಿರಿ.